ಶಿಕ್ಷಕರ ವೃತ್ತಿಪರ ಜಾಲ ಮತ್ತು ಸಾಮಾಜಿಕ ಮಾಧ್ಯಮ

ಶಿಕ್ಷಕರ ವೃತ್ತಿಪರ ಜಾಲ ಎಂದರೆ ಬೇರೆ ಬೇರೆ ಶಾಲೆಗಳಲ್ಲಿ ಕೆಲಸ ಮಾಡುವ ಶಿಕ್ಷಕರು ಪಾಠ, ಪರೀಕ್ಷೆ, ಬೋಧನೋಪಕರಣ ಹಾಗೂ ತರಗತಿಯ ಸಮಸ್ಯೆಗಳ ಕುರಿತು ವಿಚಾರ ವಿನಿಮಯ ಮಾಡಿಕೊಳ್ಳಲು ಕಟ್ಟಿಕೊಂಡಿರುವ ಸಂಪರ್ಕ ವ್ಯವಸ್ಥೆ. ಕರ್ನಾಟಕದಲ್ಲಿ ಈ ವ್ಯವಸ್ಥೆಯು ಇಂದು ಬಹುಮಟ್ಟಿಗೆ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಫೇಸ್‌ಬುಕ್ ಮತ್ತು ಯೂಟ್ಯೂಬ್‌ಗಳನ್ನು ಅವಲಂಬಿಸಿದೆ. ಸಮಾನ ಕಸುಬಿನವರು ಜೊತೆಯಾಗಿ ದುಡಿಯುತ್ತಲೇ ಕಲಿಯುತ್ತಾರೆ ಎಂಬ ವಿಚಾರವನ್ನು ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಮಂಡಿಸಿದರು. ಇಂತಹ ಜಾಲಗಳ ಅಧ್ಯಯನದಲ್ಲಿ ಅದನ್ನೇ ಹೆಚ್ಚಾಗಿ ಆಧಾರವಾಗಿಟ್ಟುಕೊಳ್ಳಲಾಗುತ್ತದೆ.

ಅಗತ್ಯ

ಗ್ರಾಮೀಣ ಸರ್ಕಾರಿ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಒಂದೊಂದು ವಿಷಯಕ್ಕೆ ಒಬ್ಬರೇ ಶಿಕ್ಷಕರಿರುತ್ತಾರೆ. ಸಮಾಜ ವಿಜ್ಞಾನದ ಶಿಕ್ಷಕರು ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಭಾಗಗಳನ್ನು ಒಬ್ಬರೇ ಬೋಧಿಸಬೇಕು. ಇತಿಹಾಸದಲ್ಲಿ ಪದವಿ ಪಡೆದವರಿಗೆ ವ್ಯವಹಾರ ಅಧ್ಯಯನದ ಪಾಠದಲ್ಲಿ ಸಂದೇಹ ಬಂದರೆ ಕೇಳಲು ಅದೇ ಶಾಲೆಯಲ್ಲಿ ಮತ್ತೊಬ್ಬ ವಿಷಯ ಶಿಕ್ಷಕರು ಇರುವುದಿಲ್ಲ. ಸಮೂಹ ಸಂಪನ್ಮೂಲ ಕೇಂದ್ರಗಳಲ್ಲಿ ನಡೆಯುವ ಸಮಾಲೋಚನಾ ಸಭೆಗಳು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಒಂದಿಷ್ಟು ಆಸರೆ ನೀಡಿವೆ. ಪ್ರೌಢಶಾಲಾ ಶಿಕ್ಷಕರಿಗಾದರೋ ವಿಷಯದ ಜೊತೆಗಾರರು ಇನ್ನೊಂದು ಊರಿನಲ್ಲಿರುತ್ತಾರೆ.

ವಿಷಯ ಶಿಕ್ಷಕರ ವೇದಿಕೆ

ರಾಜ್ಯದಲ್ಲಿ ಈ ಕೊರತೆಯನ್ನು ನೀಗಿಸಲು ನಡೆದ ಗಮನಾರ್ಹ ಪ್ರಯತ್ನವೆಂದರೆ 2010ರ ದಶಕದ ಆರಂಭದಲ್ಲಿ ರೂಪುಗೊಂಡ ವಿಷಯ ಶಿಕ್ಷಕರ ವೇದಿಕೆ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇದರಲ್ಲಿ ಕೈಜೋಡಿಸಿದ್ದವು. ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಶಿಕ್ಷಕರಿಗೆ ಶಾಲಾ ಗಣಕಯಂತ್ರ ಪ್ರಯೋಗಾಲಯಗಳನ್ನು ಬಳಸಲು, ಉಬುಂಟು, ಜಿಯೋಜಿಬ್ರಾದಂತಹ ಮುಕ್ತ ತಂತ್ರಾಂಶಗಳಲ್ಲಿ ಪಾಠ ಸಿದ್ಧಪಡಿಸಲು ತರಬೇತಿ ನೀಡಲಾಯಿತು. ತರಬೇತಿ ಮುಗಿದ ಮೇಲೂ ಅವರು ಇಮೇಲ್ ಗುಂಪುಗಳ ಮೂಲಕ ಸಂಪರ್ಕದಲ್ಲಿ ಉಳಿಯುವಂತೆ ಮಾಡಿದ್ದು ಇದರ ವಿಶೇಷ. ಪ್ರಶ್ನೆಯನ್ನು ಶಿಕ್ಷಕರೇ ಕೇಳಿದರು, ಉತ್ತರವನ್ನೂ ಶಿಕ್ಷಕರೇ ಕೊಟ್ಟರು.

ಹೀಗೆ ಹುಟ್ಟಿದ ಸಾಮಗ್ರಿಯನ್ನು ಕೂಡಿಡಲು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ (ಕೋಯರ್) ಎಂಬ ಜಾಲತಾಣ 2013ರಲ್ಲಿ ಆರಂಭವಾಯಿತು. ಇದು ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಿಂತಿದೆ. ಇಲ್ಲಿನ ಪುಟಗಳು ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳಲ್ಲಿದ್ದು, ಮುಕ್ತ ಪರವಾನಗಿಯ ಅಡಿಯಲ್ಲಿ ಲಭ್ಯವಿವೆ. ಒಬ್ಬರು ಬರೆದ ಪಾಠವನ್ನು ಇನ್ನೊಬ್ಬರು ತಿದ್ದಬಹುದು, ತಮ್ಮ ಊರಿನ ಉದಾಹರಣೆ ಸೇರಿಸಿ ಮರುಬಳಕೆ ಮಾಡಬಹುದು. ಮುಂದೆ ಬಂದ ಮೊಬೈಲ್ ಗುಂಪುಗಳಲ್ಲಿ ಈ ಅನುಕೂಲ ಇಲ್ಲವೆಂಬುದನ್ನು ಗಮನಿಸಬೇಕು.

ಮೊಬೈಲ್ ಗುಂಪುಗಳು

2016ರ ನಂತರ ಮೊಬೈಲ್ ಅಂತರಜಾಲ ಅಗ್ಗವಾದಂತೆ ಶಿಕ್ಷಕರ ಸಂಭಾಷಣೆ ಇಮೇಲ್‌ನಿಂದ ವಾಟ್ಸ್‌ಆ್ಯಪ್‌ಗೆ ಸರಿಯಿತು. ಒಂದು ಗುಂಪಿಗೆ 256 ಸದಸ್ಯರೆಂಬ ಮಿತಿ ಆಗ ಇದ್ದುದರಿಂದ, ದೊಡ್ಡ ಬಳಗಗಳು ಒಂದೇ ಹೆಸರಿನ ಹಲವು ಗುಂಪುಗಳನ್ನು ತೆರೆಯಬೇಕಾಗುತ್ತಿತ್ತು; 2022ರಲ್ಲಿ ಈ ಮಿತಿ 1024ಕ್ಕೆ ಏರಿತು. ಟೆಲಿಗ್ರಾಂನಲ್ಲಿ ಎರಡು ಲಕ್ಷದವರೆಗೆ ಸದಸ್ಯರಿರಬಹುದು. ಹೊಸದಾಗಿ ಸೇರಿದವರಿಗೂ ಹಳೆಯ ಕಡತಗಳು ದೊರೆಯುವುದರಿಂದ ಪ್ರಶ್ನೆಪತ್ರಿಕೆ, ಪಾಠ ಯೋಜನೆ ಮುಂತಾದವುಗಳ ಸಂಗ್ರಹಕ್ಕೆ ಅದು ಹೆಚ್ಚು ಅನುಕೂಲ.

ಕನ್ನಡಕ್ಕೆ ಸಂಬಂಧಿಸಿದ ತೊಡಕೊಂದು ಇಲ್ಲಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತ ಮೊಬೈಲ್‌ನಲ್ಲಿ ಸರಿಯಾಗಿ ಕಾಣಿಸುವುದಿಲ್ಲ. ಆದ್ದರಿಂದ ಅದನ್ನು ಪಿಡಿಎಫ್ ಮಾಡಿ ಹಂಚುವ ರೂಢಿ ಬೆಳೆಯಿತು. ಪಿಡಿಎಫ್ ಅನ್ನು ಓದಬಹುದು, ಮುದ್ರಿಸಬಹುದು, ತಿದ್ದುವುದು ಕಷ್ಟ. ಒಂದು ಘಟಕ ಪರೀಕ್ಷೆಯ ಪತ್ರಿಕೆಯಲ್ಲಿ ನುಸುಳಿದ ತಪ್ಪು ಹಾಗೆಯೇ ಗುಂಪಿನಿಂದ ಗುಂಪಿಗೆ ಸಾಗುವುದು ಹೀಗೆ. ಯೂನಿಕೋಡ್ ಬಳಕೆ ಹೆಚ್ಚಿದಂತೆ ಈ ತೊಂದರೆ ಕಡಿಮೆಯಾಗುತ್ತಿದೆ.

2020ರಲ್ಲಿ ಕೋವಿಡ್ ಕಾರಣ ಶಾಲೆಗಳು ಮುಚ್ಚಿದಾಗ ಈ ಗುಂಪುಗಳೇ ಶಿಕ್ಷಕರ ಕೊಠಡಿಯಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ, ಮನೆಯಲ್ಲಿರುವ ಮೊಬೈಲ್ ಸೌಲಭ್ಯವನ್ನು ನೋಡಿಕೊಂಡು ಮಕ್ಕಳನ್ನು ವಿಂಗಡಿಸಬೇಕಾಗಿತ್ತು.

ಕೊಟ್ಟೂರು ಮತ್ತು ಸುತ್ತಲಿನ ತಾಲ್ಲೂಕುಗಳು

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಹೊಸಪೇಟೆಯೊಡನೆ ಸೇರಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, ಕೊನೆಗೆ ವಿಜಯನಗರಕ್ಕೆ ಬಂದಿತು. ಜಿಲ್ಲೆ ಬದಲಾದಾಗ ಶಿಕ್ಷಕರು ವರದಿ ಸಲ್ಲಿಸುವ ಕಚೇರಿಯೂ ತರಬೇತಿಗೆ ಹೋಗುವ ಊರೂ ಬದಲಾಗುತ್ತವೆ. ಕಚೇರಿ ರಚಿಸಿದ ಗುಂಪು ಇಂತಹ ಬದಲಾವಣೆಯ ಜೊತೆಗೇ ಬದಲಾಗುತ್ತದೆ. ಶಿಕ್ಷಕರು ತಾವಾಗಿ ಕಟ್ಟಿಕೊಂಡ ವಿಷಯವಾರು ಗುಂಪಿಗೆ ಜಿಲ್ಲೆಯ ಗಡಿ ಅನ್ವಯಿಸುವುದಿಲ್ಲ. ಹರಪನಹಳ್ಳಿಯ ಗಣಿತ ಶಿಕ್ಷಕರು ದಾವಣಗೆರೆಯ ಹಳೆಯ ಜೊತೆಗಾರರ ಗುಂಪಿನಲ್ಲೇ ಮುಂದುವರಿಯಲು ಯಾವ ಅಡ್ಡಿಯೂ ಇಲ್ಲ.

ಮಿತಿಗಳು ಮತ್ತು ನಿಯಮಗಳು

ಗುಂಪಿನಲ್ಲಿ ಮೇಲಧಿಕಾರಿಗಳು ಇದ್ದಾರೆಯೇ ಇಲ್ಲವೇ ಎಂಬುದರ ಮೇಲೆ ಅದರ ಸ್ವರೂಪ ನಿರ್ಧಾರವಾಗುತ್ತದೆ. ಅಧಿಕಾರಿಗಳಿರುವ ಗುಂಪಿನಲ್ಲಿ ಸುತ್ತೋಲೆ, ಬಿಸಿಯೂಟದ ಮಾಹಿತಿ, ಕಾರ್ಯಕ್ರಮಗಳ ಛಾಯಾಚಿತ್ರ, ‘ತುರ್ತು’ ಎಂಬ ಸೂಚನೆಗಳೇ ತುಂಬುತ್ತವೆ. ‘ಈ ಲೆಕ್ಕ ನನಗೂ ಬಿಡಿಸಲಾಗಲಿಲ್ಲ’ ಎಂದು ಅಲ್ಲಿ ಬರೆಯಲು ಶಿಕ್ಷಕರು ಹಿಂಜರಿಯುವುದು ಸಹಜ. ಇಂತಹ ಗುಂಪನ್ನು ವೃತ್ತಿಪರ ಜಾಲ ಎನ್ನುವುದಕ್ಕಿಂತ ಕಚೇರಿಯ ಸೂಚನಾ ಫಲಕ ಎನ್ನುವುದೇ ಸರಿ.

ಸರ್ಕಾರಿ ಶಿಕ್ಷಕರು ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021ಕ್ಕೆ ಒಳಪಡುತ್ತಾರೆ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದು ನಡತೆ ನಿಯಮಗಳ ಉಲ್ಲಂಘನೆಯಾಗಬಲ್ಲದು. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ರಾಜ್ಯದ ಸಾಲ ಮತ್ತು ಉಚಿತ ಯೋಜನೆಗಳ ಕುರಿತು ಸಾಮಾಜಿಕ ಮಾಧ್ಯಮದಲ್ಲಿ ಬರೆದುದಕ್ಕಾಗಿ ಅಮಾನತುಗೊಂಡರು. ಪಠ್ಯಪುಸ್ತಕದ ದೋಷವನ್ನು ಚರ್ಚಿಸುವುದು ಬೋಧನೆಯ ಭಾಗವೋ ಟೀಕೆಯೋ ಎಂಬ ಗೆರೆ ಅಷ್ಟು ಸ್ಪಷ್ಟವಲ್ಲ. ಹೀಗಾಗಿ ಹಲವರು ಸಾರ್ವಜನಿಕ ಪುಟಗಳಿಗಿಂತ ಖಾಸಗಿ ಗುಂಪುಗಳಲ್ಲಿ ಮಾತನಾಡಲು ಇಷ್ಟಪಡುತ್ತಾರೆ. ಆದರೆ ಅಲ್ಲಿ ಹಾಕಿದ ಸಂದೇಶವೂ ಪರದೆಚಿತ್ರವಾಗಿ ಹೊರಬೀಳಬಹುದು.

ಮಕ್ಕಳ ಛಾಯಾಚಿತ್ರ, ಅಂಕಪಟ್ಟಿ, ಹಾಜರಾತಿ ಪುಟಗಳನ್ನು ಗುಂಪುಗಳಲ್ಲಿ ಹಂಚುವ ಅಭ್ಯಾಸವೂ ವ್ಯಾಪಕವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶದ ಬಳಕೆಗೆ ಪೋಷಕರ ಒಪ್ಪಿಗೆ ಇರಬೇಕೆಂಬ ತತ್ತ್ವವನ್ನು ಮುಂದಿಟ್ಟಿದೆ. ಪಾಠದ ಚಟುವಟಿಕೆಯನ್ನು ಸಹೋದ್ಯೋಗಿಗಳಿಗೆ ತೋರಿಸಲು ಮಗುವಿನ ಮುಖವಾಗಲೀ ಹೆಸರಾಗಲೀ ಬೇಕಾಗುವುದಿಲ್ಲ. ಮಾದರಿಯ ಅಥವಾ ಕಪ್ಪುಹಲಗೆಯ ಚಿತ್ರವೇ ಸಾಕಾಗುತ್ತದೆ.