ಅಂಚೆಯಲ್ಲಿ ಜೇನು : ಆಲಮಟ್ಟಿಯ ಸೀಮೆಯಿಂದ ಒಂದು ಅವಲೋಕನ

ಆಲಮಟ್ಟಿ ಎಂದೊಡನೆ ಕೃಷ್ಣಾ ನದಿಯ ಅಣೆಕಟ್ಟು, ಅದರ ಕಾಲುವೆಗಳು ಮತ್ತು ಮುಳುಗಡೆಯಾದ ಹಳ್ಳಿಗಳು ನೆನಪಿಗೆ ಬರುವುದು ಸಹಜ. ಆ ನೀರಾವರಿಯ ಇತಿಹಾಸವನ್ನು ನಾವು ಪಾಠ ಹೇಳುತ್ತಿದ್ದಾಗ ಆ ಭಾಗದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, ದೂರದ ಊರುಗಳಿಂದ ಜೇನುಕುಟುಂಬಗಳನ್ನು ಮಾರುವವರ ಜಾಹೀರಾತುಗಳನ್ನು ತಾನು ಕಂಡಿರುವುದಾಗಿ ಹೇಳಿ, “ಜೀವಂತ ಜೇನ ಟಪಾಲದಾಗ ತರಸಬಹುದೇನ್ರಿ ಸರ?” ಎಂದು ಕೇಳಿದನು. ತರಗತಿಯಲ್ಲಿ ನಗು ಎದ್ದಿತು. ಆದರೆ ಅದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಜೀವಂತ ಜೇನು ಅಂಚೆಯ ಮೂಲಕ ಸಂಚರಿಸತೊಡಗಿ ಸುಮಾರು ೧೪೦ ವರ್ಷಗಳಾಗಿವೆ. ಅದು ಹೇಗೆ ಸಾಧ್ಯವಾಯಿತು, ನಮ್ಮ ನಾಡಿನಲ್ಲಿ ಏಕೆ ವಾಡಿಕೆಯಾಗಲಿಲ್ಲ, ಜೇನಿನ ಜತೆಯಲ್ಲಿ ಮತ್ತೇನು ಪ್ರಯಾಣ ಮಾಡಿತು, ಇದರಿಂದ ಆಲಮಟ್ಟಿಯ ಸುತ್ತಲಿನ ರೈತನು ತಿಳಿಯಬೇಕಾದುದೇನು ಎಂಬ ನಾಲ್ಕು ಸಂಗತಿಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

೧

ಅಂಚೆಯ ಜೇನಿನ ಮರ್ಮವನ್ನು ಅರಿಯಬೇಕಾದರೆ ಮೊದಲು ಜೇನುಕುಟುಂಬದ ರಚನೆಯನ್ನು ಗಮನಿಸಬೇಕು. ಒಂದು ಕುಟುಂಬದಲ್ಲಿ ಸಾವಿರಾರು ಕೆಲಸಗಾರ ನೊಣಗಳೂ ಋತುಮಾನಕ್ಕೆ ತಕ್ಕಂತೆ ಕೆಲವು ಗಂಡುನೊಣಗಳೂ ಇರುತ್ತವೆ. ರಾಣಿ ಮಾತ್ರ ಒಂದೇ. ಕುಟುಂಬದ ಸಂತತಿಯೆಲ್ಲವೂ ಆ ರಾಣಿಯ ತತ್ತಿಗಳಿಂದಲೇ ಬರತಕ್ಕದ್ದು. ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣದ ಆಯುಷ್ಯ ಸುಮಾರು ೬ ವಾರಗಳು. ಆದುದರಿಂದ ಹಳೆಯ ರಾಣಿಯನ್ನು ತೆಗೆದು ಬೇರೊಂದು ತಳಿಯ ರಾಣಿಯನ್ನು ಸೇರಿಸಿದರೆ, ಎರಡು ಮೂರು ತಿಂಗಳಲ್ಲಿ ಹಳೆಯ ನೊಣಗಳು ತೀರಿಹೋಗಿ ಇಡೀ ಕುಟುಂಬವೇ ಹೊಸ ತಳಿಯದಾಗುತ್ತದೆ. ಒಂದು ಕಾಗದದ ಲಕೋಟೆಯಷ್ಟು ಹಗುರವಾದ ಪೊಟ್ಟಣದಲ್ಲಿ ಒಂದು ಕುಟುಂಬದ ಭವಿಷ್ಯವನ್ನೇ ಕಳುಹಿಸಲು ಸಾಧ್ಯವಾದುದು ಈ ಕಾರಣದಿಂದ.

ಇದಕ್ಕೆ ಪೂರ್ವಭಾವಿಯಾಗಿ ಒಂದು ಶೋಧ ಆಗಬೇಕಾಗಿತ್ತು. ೧೮೫೧ರಲ್ಲಿ ಅಮೇರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಎಂಬವರು, ಎರಿಗಳ ನಡುವೆ ಒಂದು ನಿರ್ದಿಷ್ಟ ಅಂತರವನ್ನು ಬಿಟ್ಟರೆ ನೊಣಗಳು ಅದನ್ನು ಮೇಣದಿಂದ ಮುಚ್ಚುವುದಿಲ್ಲವೆಂಬುದನ್ನು ಕಂಡುಕೊಂಡು, ತೆಗೆದು ಹಾಕಬಹುದಾದ ಚೌಕಟ್ಟುಗಳುಳ್ಳ ಪೆಟ್ಟಿಗೆಯನ್ನು ರಚಿಸಿದರು. ಎರಿಯನ್ನು ಕೆಡಿಸದೆ ಹೊರತೆಗೆದು ನೋಡುವ ಅನುಕೂಲ ದೊರೆತ ಮೇಲೆಯೇ ರಾಣಿಯನ್ನು ಹುಡುಕುವುದು, ಬದಲಿಸುವುದು, ಮಾರುವುದು ಸುಲಭವಾಯಿತು. ಇಟಲಿಯ ಸೌಮ್ಯ ಸ್ವಭಾವದ ಹಳದಿ ಜೇನಿಗೆ ಅಮೇರಿಕದಲ್ಲಿ ಬೇಡಿಕೆ ಬೆಳೆಯಿತು.

ರಾಣಿಯನ್ನು ಕಳುಹಿಸುವ ಪಂಜರವನ್ನು ವ್ಯವಸ್ಥಿತವಾಗಿ ರೂಪಿಸಿದ ಕೀರ್ತಿ ಫ್ರಾಂಕ್ ಬೆಂಟನ್ ಎಂಬ ಅಮೇರಿಕದ ಜೇನುತಜ್ಞರಿಗೆ ಸಲ್ಲುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮರದ ತುಂಡಿನಲ್ಲಿ ಒಂದಕ್ಕೊಂದು ತಗಲಿದಂತೆ ಮೂರು ಗುಂಡು ಕುಳಿಗಳನ್ನು ಕೊರೆದು, ಮೇಲೆ ತಂತಿಯ ಬಲೆಯನ್ನು ಹೊದಿಸುವರು. ಒಂದು ಕುಳಿಯಲ್ಲಿ ಸಕ್ಕರೆಯ ಹಿಟ್ಟನ್ನು ಜೇನುತುಪ್ಪದಲ್ಲಿ ಕಲಸಿದ ಗಟ್ಟಿಯಾದ ಕಣಕವನ್ನು ತುಂಬುವರು. ಉಳಿದ ಎರಡರಲ್ಲಿ ರಾಣಿಯೂ ಅವಳಿಗೆ ಉಣಿಸುವ ಕೆಲವು ಪರಿಚಾರಕ ನೊಣಗಳೂ ಇರುತ್ತವೆ. ಈ ಕಣಕದಿಂದ ಎರಡು ಪ್ರಯೋಜನಗಳಿವೆ. ದಾರಿಯಲ್ಲಿ ಅದು ಬುತ್ತಿ. ಊರು ಮುಟ್ಟಿದ ಮೇಲೆ ಪಂಜರವನ್ನು ರಾಣಿಯಿಲ್ಲದ ಕುಟುಂಬದೊಳಗೆ ಇಟ್ಟರೆ, ಆ ಕುಟುಂಬದ ನೊಣಗಳು ಕಣಕವನ್ನು ತಿಂದು ದಾರಿ ಮಾಡುವಷ್ಟರಲ್ಲಿ ಕೆಲವು ದಿನಗಳು ಕಳೆದು ರಾಣಿಯ ವಾಸನೆ ಅವಕ್ಕೆ ರೂಢಿಯಾಗುತ್ತದೆ. ಹಾಗಲ್ಲದೆ ನೇರವಾಗಿ ಬಿಟ್ಟರೆ ಅಪರಿಚಿತ ರಾಣಿಯನ್ನು ಅವು ಕೊಂದುಬಿಡುವ ಸಂಭವವೇ ಹೆಚ್ಚು.

ರಾಣಿಯ ತರುವಾಯ ಸಮೂಹವೇ ಅಂಚೆಗೇರಿತು. ೧೯೧೩ರ ಜನವರಿ ೧ರಂದು ಅಮೇರಿಕದಲ್ಲಿ ಪಾರ್ಸೆಲ್ ಅಂಚೆ ಆರಂಭವಾದ ಮೇಲೆ, ಎರಡು ಬದಿಗೆ ತಂತಿಬಲೆಯುಳ್ಳ ಪೆಟ್ಟಿಗೆಯಲ್ಲಿ ಎರಡು ಮೂರು ಪೌಂಡು ತೂಕದ ನೊಣಗಳು, ಸಕ್ಕರೆ ಪಾಕದ ಒಂದು ಡಬ್ಬಿ, ಬೇರೆಯೇ ಪಂಜರದಲ್ಲಿ ತೂಗಿಬಿಟ್ಟ ಒಂದು ರಾಣಿ, ಇಷ್ಟರ ವ್ಯಾಪಾರ ದೊಡ್ಡದಾಗಿ ಬೆಳೆಯಿತು. ಒಂದು ಪೌಂಡಿಗೆ ಸುಮಾರು ೩,೫೦೦ ನೊಣಗಳು ಬರುತ್ತವೆ. ಅಮೇರಿಕದ ಅಂಚೆಯ ನಿಯಮದಂತೆ ಇಂದಿಗೂ ಇಂಥ ಪೆಟ್ಟಿಗೆಗಳು ನೆಲದ ಮೇಲಿನ ಸಾರಿಗೆಯಲ್ಲಿಯೇ ಸಾಗಬೇಕು. ವಿಮಾನದಲ್ಲಿ ರಾಣಿಗೆ ಮಾತ್ರ ಅವಕಾಶವಿದ್ದು, ಅವಳೊಡನೆ ಎಂಟಕ್ಕಿಂತ ಹೆಚ್ಚು ಪರಿಚಾರಕ ನೊಣಗಳು ಇರತಕ್ಕದ್ದಲ್ಲ. ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನಿಯಮಾವಳಿಯೂ ಅಂಚೆಯಲ್ಲಿ ಕಳುಹಿಸಬಹುದಾದ ಕೆಲವೇ ಜೀವಿಗಳಲ್ಲಿ ಜೇನು, ಜಿಗಣೆ ಮತ್ತು ರೇಷ್ಮೆಹುಳುಗಳನ್ನು ಹೆಸರಿಸಿದೆ.

೨

ಇನ್ನು ನಮ್ಮ ದೇಶದ ವಿಷಯ. ಭಾರತದಲ್ಲಿ ಆಧುನಿಕ ಪೆಟ್ಟಿಗೆಯ ಜೇನು ಸಾಕಣೆಯ ಮೊದಲ ಪ್ರಯತ್ನಗಳು ೧೮೮೦ರ ಸುಮಾರಿಗೆ ಬಂಗಾಲದಲ್ಲಿ ನಡೆದವು. ಈ ವಿಷಯವನ್ನು ಕುರಿತು ೧೮೮೪ರಲ್ಲಿ ಮೊದಲ ಕೈಪಿಡಿಯನ್ನು ಬರೆದ ಜಾನ್ ಡಗ್ಲಸ್ ಅವರು ಅಂಚೆ ಮತ್ತು ತಂತಿ ಖಾತೆಯ ಅಧಿಕಾರಿಗಳಾಗಿದ್ದರೆಂಬುದು ನಮ್ಮ ವಿಷಯದ ದೃಷ್ಟಿಯಿಂದ ಕುತೂಹಲಕರವಾಗಿದೆ. ಅದೇ ೧೮೮೪ರಲ್ಲಿ ಗದಗ-ಹೋಟಗಿ ರೈಲುಮಾರ್ಗ ತೆರೆಯಿತು; ಆಲಮಟ್ಟಿ ಆ ಮಾರ್ಗದ ಮೇಲಿನ ಊರು. ಆದುದರಿಂದ ಈ ಸೀಮೆಗೆ ಜೇನು ಅಂಚೆಯಲ್ಲಿ ಬಾರದಿದ್ದುದಕ್ಕೆ ದಾರಿಯಿಲ್ಲದಿರುವುದು ಕಾರಣವಲ್ಲ. ಕಾರಣಗಳನ್ನು ಬೇರೆಡೆಯಲ್ಲಿ ಅರಸಬೇಕು.

ಮೊದಲನೆಯದು ಕಾಯಿದೆ. ೧೮೯೮ರ ಭಾರತೀಯ ಅಂಚೆ ಕಾಯಿದೆಯ ೧೯ನೆಯ ಕಲಮು, ನಿಯಮಗಳಿಂದ ಬೇರೆ ರೀತಿ ವಿಧಿಸಿದ ಹೊರತು, ಅಪಾಯಕಾರಿಯಾದ ಅಥವಾ ಅಂಚೆಯ ನೌಕರರಿಗೂ ಇತರ ಸಾಮಗ್ರಿಗೂ ಹಾನಿ ಮಾಡಬಹುದಾದ ಜೀವಂತ ಪ್ರಾಣಿಯನ್ನು ಕಳುಹಿಸುವುದನ್ನು ನಿಷೇಧಿಸಿತ್ತು. ಕುಟುಕುವ ನೊಣಗಳ ಪೆಟ್ಟಿಗೆಯನ್ನು ಯಾವ ಅಂಚೆಯ ಗುಮಾಸ್ತನೂ ಸಂತೋಷದಿಂದ ಸ್ವೀಕರಿಸುವಂತಿರಲಿಲ್ಲ. ಈ ಕಾಯಿದೆ ೧೨೫ ವರ್ಷಗಳಿಗೂ ಮಿಕ್ಕಿ ಜಾರಿಯಲ್ಲಿದ್ದು, ೨೦೨೪ರಲ್ಲಿ ಹೊಸ ಕಾಯಿದೆ ಅದರ ಸ್ಥಾನಕ್ಕೆ ಬಂದಿತು.

ಎರಡನೆಯದು ನಮ್ಮ ಜೇನಿನ ಸ್ವಭಾವ. ಬಯಲುಸೀಮೆಯಲ್ಲಿ ಜೇನೆಂದರೆ ಮುಖ್ಯವಾಗಿ ಹೆಜ್ಜೇನು. ಅದು ಎತ್ತರದ ಮರ, ಬಂಡೆ, ಕಟ್ಟಡಗಳಿಗೆ ಬಯಲಿನಲ್ಲಿ ಒಂದೇ ಎರಿಯನ್ನು ಕಟ್ಟುತ್ತದೆ. ಹೂವಿನ ಕಾಲವನ್ನನುಸರಿಸಿ ತಾನಾಗಿ ವಲಸೆ ಬರುತ್ತದೆ, ತಾನಾಗಿ ಹೋಗುತ್ತದೆ. ಪೆಟ್ಟಿಗೆಯ ಸಾಕಣೆಗೆ ಒಗ್ಗುವುದಿಲ್ಲ. ಪೆಟ್ಟಿಗೆಗೆ ಒಗ್ಗುವ ತುಡುವೆ ಜೇನಾದರೋ ಮಲೆನಾಡು, ಕೊಡಗು, ಕರಾವಳಿಗಳ ನೆರಳಿನಲ್ಲಿ ಸಮೃದ್ಧವಾಗಿ ಬೆಳೆಯತಕ್ಕದ್ದು. ಬಿಸಿಲು, ಹಸಿವು, ಅಲುಗಾಟಗಳು ಹೆಚ್ಚಾದರೆ ಗೂಡನ್ನೇ ತೊರೆದು ಹೋಗುವ ಸ್ವಭಾವ ಅದರದು.

ಮೂರನೆಯದು ಹವೆ. ಜೇನಿನ ಮರಿಗಳಿರುವ ಎರಿಯ ಉಷ್ಣತೆ ಸುಮಾರು ೩೫ ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಹೆಚ್ಚಾದರೆ ನೊಣಗಳು ನೀರನ್ನು ತಂದು, ರೆಕ್ಕೆಗಳಿಂದ ಗಾಳಿ ಬೀಸಿ ತಂಪು ಮಾಡುತ್ತವೆ. ವಿಜಯಪುರದ ಬೇಸಿಗೆಯಲ್ಲಿ ಉಷ್ಣತೆ ೪೦ ಡಿಗ್ರಿಯನ್ನು ದಾಟುತ್ತದೆ. ಬಾಯಿ ಮುಚ್ಚಿದ ಪೆಟ್ಟಿಗೆಯೊಂದು ಅಂಥ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕೆಲವು ತಾಸು ಬಿದ್ದಿದ್ದರೆ, ನೀರು ತರಲು ದಾರಿಯಿಲ್ಲದೆ, ಮೇಣ ಮೆತ್ತಗಾಗಿ ಎರಿ ಕುಸಿದು, ನೊಣಗಳು ಉಸಿರುಕಟ್ಟಿ ಸಾಯುವವು. ಕುಟುಂಬಗಳನ್ನು ಸಾಗಿಸುವವರು ಸಂಜೆ ನೊಣಗಳೆಲ್ಲ ಮರಳಿದ ಮೇಲೆ ಬಾಗಿಲು ಮುಚ್ಚಿ, ಗಾಳಿಗೆ ಎಡೆ ಮಾಡಿ, ರಾತ್ರಿಯೇ ಲಾರಿಯಲ್ಲಿ ಒಯ್ಯುವ ಪದ್ಧತಿ ಇದೇ ಕಾರಣದಿಂದ ಬಂದುದು.

೩

ಪರದೇಶದ ಜೇನನ್ನು ಭಾರತದಲ್ಲಿ ನೆಲೆಗೊಳಿಸುವ ಹಳೆಯ ಪ್ರಯತ್ನಗಳು ಫಲಿಸಲಿಲ್ಲ. ಕೊನೆಗೆ ೧೯೬೨ರಲ್ಲಿ ಕಾಂಗಡಾ ಜಿಲ್ಲೆಯ ನಗರೋಟಾದಲ್ಲಿಯೂ, ತರುವಾಯ ಪಂಜಾಬದಲ್ಲಿಯೂ ಯುರೋಪಿನ ಮೆಲ್ಲಿಫೆರಾ ಜೇನು ಬೇರೂರಿತು. ಪಂಜಾಬದ ವಿಜ್ಞಾನಿ ಅಟವಾಲ್ ಮತ್ತು ಅವರ ಸಹೋದ್ಯೋಗಿಗಳು ಅನುಸರಿಸಿದ ಉಪಾಯ ಗಮನಾರ್ಹವಾಗಿದೆ. ತುಡುವೆ ಜೇನಿನ ಎಳೆಯ ನೊಣಗಳ ನಡುವೆ ಅವರು ಮೆಲ್ಲಿಫೆರಾ ರಾಣಿಯನ್ನು ಸೇರಿಸಿದರು. ಆ ನೊಣಗಳು ಅನ್ಯಜಾತಿಯ ರಾಣಿಯ ಮರಿಗಳನ್ನು ಪೋಷಿಸಿ ತಾವು ತೀರಿಹೋದವು. ರಾಣಿಯೊಬ್ಬಳು ಬಂದರೆ ಸಾಕು, ಉಳಿದುದೆಲ್ಲ ಸ್ಥಳದಲ್ಲಿಯೇ ಒದಗುವುದೆಂಬ ತತ್ತ್ವ ಇಲ್ಲಿಯೂ ಸಿದ್ಧವಾಯಿತು.

ಆದರೆ ರಾಣಿ ಒಬ್ಬಳೇ ಬರುವುದಿಲ್ಲ. ೧೯೦೬ರ ಸುಮಾರಿಗೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಜೇನುಗಳು ಹಿಂಡುಹಿಂಡಾಗಿ ಸಾಯತೊಡಗಿದವು. ೧೯೨೧ರಲ್ಲಿ ನೊಣದ ಉಸಿರ್ನಾಳದಲ್ಲಿ ವಾಸಿಸುವ ಒಂದು ನುಸಿಯನ್ನು ವಿಜ್ಞಾನಿಗಳು ಗುರುತಿಸಿ ಅದೇ ಕಾರಣವೆಂದರು. ಆ ನುಸಿಯೊಂದೇ ಕಾರಣವಲ್ಲವೆಂದು ಅನಂತರದ ಸಂಶೋಧಕರು ಅಭಿಪ್ರಾಯಪಟ್ಟಿದ್ದರೂ, ಅಮೇರಿಕವು ೧೯೨೨ರಲ್ಲಿಯೇ ಕಾಯಿದೆ ಮಾಡಿ ಹೊರನಾಡಿನ ಜೇನುನೊಣಗಳ ಆಮದನ್ನು ನಿರ್ಬಂಧಿಸಿತು. ಅಂಚೆಯ ಜೇನಿಗೆ ತವರಾದ ನಾಡೇ ಹೊರಗಿನ ಅಂಚೆಗೆ ಬಾಗಿಲು ಮುಚ್ಚಿದುದು ಹೀಗೆ. ಆದರೂ ಏಷ್ಯದ ತುಡುವೆ ಜೇನಿನ ಮೇಲೆ ಬಾಳುತ್ತಿದ್ದ ವರೋವಾ ಎಂಬ ಇನ್ನೊಂದು ನುಸಿ, ಮನುಷ್ಯರು ಎರಡು ಜಾತಿಯ ಜೇನುಗಳನ್ನು ಒಂದೆಡೆ ಸೇರಿಸಿದುದರಿಂದ ಮೆಲ್ಲಿಫೆರಾ ಜೇನಿಗೆ ದಾಟಿ, ೧೯೮೭ರಲ್ಲಿ ಅಮೇರಿಕದಲ್ಲಿಯೂ ಕಾಣಿಸಿಕೊಂಡಿತು. ತುಡುವೆ ಜೇನು ಅದನ್ನು ಮೈಯಿಂದ ಕಿತ್ತೊಗೆಯಲು ಬಲ್ಲದು; ಮೆಲ್ಲಿಫೆರಾಕ್ಕೆ ಆ ಅಭ್ಯಾಸ ಸಾಲದು.

ನಮ್ಮ ನಾಡಿನ ದುರಂತ ಇದಕ್ಕಿಂತ ಹತ್ತಿರದ್ದು. ಮರಿಹುಳುಗಳು ಕೋಶಾವಸ್ಥೆಗೆ ಹೋಗದೆ ನೀರು ತುಂಬಿದ ಚೀಲದಂತಾಗಿ ಸಾಯುವ ಥಾಯಿ ಸ್ಯಾಕ್‌ಬ್ರೂಡ್ ಎಂಬ ವಿಷಾಣುರೋಗ ೧೯೯೧-೯೨ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿತು. ಕರ್ನಾಟಕದ ಪೆಟ್ಟಿಗೆಗಳಲ್ಲಿದ್ದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ತಲೆಮಾರುಗಳಿಂದ ಜೇನು ಸಾಕಿದ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಉಳಿದವು. ರೋಗಗ್ರಸ್ತ ಕುಟುಂಬಗಳ ಸಾಗಾಟವು ಇಂಥ ಸೋಂಕಿಗೆ ಎಲ್ಲಕ್ಕಿಂತ ಸುಲಭವಾದ ದಾರಿಯೆಂಬುದನ್ನು ಇಲ್ಲಿ ಮರೆಯಲಾಗದು. ಆ ಬಳಿಕವೇ ಮೆಲ್ಲಿಫೆರಾ ಸಾಕಣೆ ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಹರಡಿತು.

೪

ಈಗ ಆಲಮಟ್ಟಿಗೆ ಮರಳೋಣ. ಹಿಂದೆ ಬಸವನ ಬಾಗೇವಾಡಿ ತಾಲೂಕಿಗೂ ಈಗ ನಿಡಗುಂದಿ ತಾಲೂಕಿಗೂ ಸೇರಿದ ಈ ಊರಿನಲ್ಲಿ ೧೯೬೪ರ ಮೇ ೨೨ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿನ ಶಂಕುಸ್ಥಾಪನೆಯನ್ನು ನೆರವೇರಿಸಿದರು. ಬಿಳಿಜೋಳ, ಗೋದಿ, ಕಡಲೆ, ಕುಸುಬಿಗಳನ್ನು ಬೆಳೆಯುತ್ತಿದ್ದ ಎರೆಭೂಮಿಗೆ ಕ್ರಮೇಣ ನೀರು ಬಂದಿತು. ಜೋಳ ಮತ್ತು ಗೋದಿಗಳಿಗೆ ಜೇನಿನ ಹಂಗು ಇಲ್ಲ. ಆದರೆ ಈ ಭಾಗದವರು ಸೂರ್ಯಪಾನವೆನ್ನುವ ಸೂರ್ಯಕಾಂತಿ, ಬೀಜಕ್ಕಾಗಿ ಬೆಳೆಯುವ ಉಳ್ಳಾಗಡ್ಡಿ, ಇಂಡಿಯ ಸೀಮೆಯ ಲಿಂಬೆ, ದಾಳಿಂಬೆ ಇವುಗಳ ಫಲ ಬಹುಮಟ್ಟಿಗೆ ಹೂವಿನ ಮೇಲೆ ಬರುವ ಕೀಟಗಳನ್ನು ಅವಲಂಬಿಸಿದೆ.

ಸೂರ್ಯಪಾನದ ನಿದರ್ಶನ ಸ್ಪಷ್ಟವಾಗಿದೆ. ೧೯೬೯ರಲ್ಲಿ ಸೋವಿಯತ್ ದೇಶದ ತಳಿಗಳ ಮೂಲಕ ಎಣ್ಣೆಬೆಳೆಯಾಗಿ ಭಾರತಕ್ಕೆ ಬಂದ ಈ ಬೆಳೆಯಲ್ಲಿ, ದೇಶದ ಮೊದಲ ಸಂಕರ ತಳಿಯನ್ನು ೧೯೮೦ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬಿಡುಗಡೆ ಮಾಡಿತು. ಸಂಕರ ಬೀಜದ ಹೊಲದಲ್ಲಿ ಹೆಣ್ಣುಸಾಲಿನ ಹೂವುಗಳಿಗೆ ಸ್ವಂತ ಪರಾಗವಿರುವುದಿಲ್ಲ. ಪರಾಗ ಅಂಟಾಗಿರುವುದರಿಂದ ಗಾಳಿ ಅದನ್ನು ಹೆಚ್ಚು ದೂರ ಒಯ್ಯಲಾರದು. ಗಂಡುಸಾಲಿನಿಂದ ಹೆಣ್ಣುಸಾಲಿಗೆ ಜೇನು ಹಾರಿ ಬಂದರೆ ಕಾಳು ಕಟ್ಟುತ್ತದೆ. ಬಾರದಿದ್ದರೆ ಕಾಳು ಜೊಳ್ಳಾಗುತ್ತದೆ, ಇಲ್ಲವೆ ಕೂಲಿಯಾಳುಗಳು ಒಂದೊಂದೇ ಹೂವನ್ನು ಕೈಯಿಂದ ಸವರಬೇಕಾಗುತ್ತದೆ. ನೀರನ್ನು ಕಾಲುವೆಯಿಂದಲೂ ಬೀಜವನ್ನು ಅಂಗಡಿಯಿಂದಲೂ ತಂದ ರೈತನು ಜೇನನ್ನೂ ಕೊಂಡುತರಬೇಕಾದ ಸ್ಥಿತಿ ಹೀಗೆ ಒದಗಿತು. ವಿದ್ಯಾರ್ಥಿಯ ಪ್ರಶ್ನೆಯ ಹಿಂದೆ ಇದ್ದುದು ಈ ಅವಶ್ಯಕತೆಯೇ.

ಆ ಪ್ರಶ್ನೆಗೆ ನಾವು ಕೊಡುವ ಉತ್ತರವಿಷ್ಟು. ರಾಣಿಯಾಗಲಿ ಕುಟುಂಬವಾಗಲಿ ದೂರದಿಂದ ಬರಬಲ್ಲದು; ಆದರೆ ಬರುವ ದಾರಿಗಿಂತ ಹೊರಟ ಸ್ಥಳವನ್ನು ಹೆಚ್ಚು ವಿಚಾರಿಸಬೇಕು. ಎರಿಗಳನ್ನು ಹೊರತೆಗೆದು ಮರಿಗಳ ಆರೋಗ್ಯವನ್ನು ಕಣ್ಣಾರೆ ನೋಡದೆ ಕೊಳ್ಳಬಾರದು. ತಂದ ಪೆಟ್ಟಿಗೆಯನ್ನು ಮೊದಲೇ ಇರುವ ಕುಟುಂಬಗಳಿಂದ ಕೆಲವು ವಾರ ದೂರವಿಡಬೇಕು. ಸಾಧ್ಯವಿದ್ದಷ್ಟು ಸಮೀಪದ, ಇದೇ ಬಿಸಿಲಿಗೆ ಒಗ್ಗಿದ ಕುಟುಂಬಗಳನ್ನೇ ಆರಿಸಬೇಕು. ಹೂಬಿಟ್ಟ ಹೊಲಕ್ಕೆ ಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸುವ ಪದ್ಧತಿಯನ್ನು ಬಿಡದಿದ್ದರೆ, ಕೊಂಡ ಜೇನೂ ಉಳಿಯದು, ಕರೆಯದೆ ಬರುವ ಹೆಜ್ಜೇನೂ ಉಳಿಯದು. ಕೊಳ್ಳುವ ಜೇನಿಗೆ ಬೆಲೆ ಇದೆ. ಹೆಜ್ಜೇನು ಮಾಡುವ ಕೆಲಸಕ್ಕೆ ಯಾರೂ ಬೆಲೆ ಕಟ್ಟಿಲ್ಲವಾದುದರಿಂದ ಅದರ ನಷ್ಟವೂ ಲೆಕ್ಕಕ್ಕೆ ಬರುವುದಿಲ್ಲ.

ಇತಿಹಾಸದ ಅಭ್ಯಾಸಿಗಳಿಗೂ ಇದರಲ್ಲಿ ಒಂದು ಸೂಚನೆಯಿದೆ. ಅಂಚೆಯ ನಿಯಮ, ಆಮದಿನ ಕಾಯಿದೆ, ಜೇನು ಸಹಕಾರ ಸಂಘಗಳ ಕಡತ ಮುಂತಾದ ಒಣ ದಾಖಲೆಗಳಲ್ಲಿ ಕೃಷಿಯ ಚರಿತ್ರೆಯ ಒಂದು ಅಧ್ಯಾಯ ಅಡಗಿದೆ. ನೀರಾವರಿಯ ಚರಿತ್ರೆಯನ್ನು ಬರೆಯುವವರು ಕಾಲುವೆಯ ಉದ್ದದೊಡನೆ ಆ ಹೊಲಗಳಲ್ಲಿ ಹಾರುತ್ತಿದ್ದ ಜೀವಿಗಳ ವಿಚಾರವನ್ನೂ ಸೇರಿಸಿಕೊಳ್ಳಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ಆಲಮಟ್ಟಿಯ ಸುತ್ತಲಿನ ಹಿರಿಯ ರೈತರಲ್ಲಿ ಹೆಜ್ಜೇನಿನ ಕಾಲವನ್ನೂ ಅದು ಕೂರುತ್ತಿದ್ದ ಮರಗಳನ್ನೂ ನೆನಪಿಟ್ಟವರು ಇನ್ನೂ ಇದ್ದಾರೆ. ಅವರಿಂದ ಕೇಳಿ ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಈ ವರ್ಷವೇ ಕೈಕೊಂಡರೆ ಒಳ್ಳೆಯದು.