ಬಂಕ್ ಹುಡುಗರ ಸಂಬಳ ಉಳಿದರೆ ಯಾರ ಜೇಬಿಗೆ?

ಅಮೆರಿಕದಲ್ಲಿ ಜನ ತಾವೇ ಪೆಟ್ರೋಲ್ ಹಾಕಿಕೊಳ್ತಾರೆ, ನಮ್ಮಲ್ಲಿ ಯಾಕಿಲ್ಲ? ಎಂಜಿನಿಯರಿಂಗ್ ಓದಿದವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಏಳುವ ಪ್ರಶ್ನೆ ಇದು. ‘ನಮ್ಮ ಜನಕ್ಕೆ ಬರಲ್ಲ, ದುಡ್ಡು ಕೊಡದೆ ಓಡಿಹೋಗ್ತಾರೆ’ ಅನ್ನೋ ಉತ್ತರವೂ ರೆಡಿ ಇರುತ್ತೆ. ನನಗೆ ಒಪ್ಪಿಗೆಯಿಲ್ಲ. ಎಳನೀರು ಕುಡಿದು ಯುಪಿಐ ಮಾಡುವ ಜನಕ್ಕೆ ಪೈಪ್ ಹಿಡಿಯೋದು ದೊಡ್ಡ ವಿದ್ಯೆಯಲ್ಲ. ದುಡ್ಡು ಕಟ್ಟಿದ ಮೇಲಷ್ಟೇ ಪಂಪ್ ಓಡಿಸುವ ತಂತ್ರಜ್ಞಾನವೂ ಹಳೆಯದೇ.

ವಿಷಯ ಇರೋದು ಕೂಲಿಯಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿ ಸುಲಿಯೋಕೆ ಆಳು ಸಿಗದೆ, ಸಿಕ್ಕರೂ ಕೂಲಿ ಏರಿದ ಮೇಲೆ ತಾನೇ ತೋಟಕ್ಕೆ ಸುಲಿಯುವ ಮಷೀನು ಬಂದಿದ್ದು? ಬಂಕಿನಲ್ಲಿ ಹುಡುಗರು ಇನ್ನೂ ನಿಂತಿದ್ದಾರೆ ಅಂದರೆ ಅವರ ದುಡಿಮೆ ಅಷ್ಟು ಅಗ್ಗ ಅಂತ ಅರ್ಥ.

ಆದರೆ ತೋಟದ ಲೆಕ್ಕ ಬಂಕಿಗೆ ಪೂರ್ತಿ ಹೊಂದಲ್ಲ. ಮಷೀನಿಂದ ಉಳಿದ ಕೂಲಿ ರೈತನ ಕೈಗೇ ಬರುತ್ತೆ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಬಂಕುಗಳಲ್ಲಿ ಲೀಟರ್ ದರ ಗೊತ್ತು ಮಾಡುವುದು ಕಂಪನಿ. ಡೀಲರ್‌ಗೆ ಸಿಗುವುದು ಕಮಿಷನ್. ಕರೆಂಟು, ಸಂಬಳ ಎಲ್ಲಾ ಅದರಲ್ಲೇ ಆಗಬೇಕು. ಬಿ.ಎಚ್. ರಸ್ತೆಯಲ್ಲಿ ನೀವೇ ಗಾಡಿ ನಿಲ್ಲಿಸಿ, ನೀವೇ ಪೈಪ್ ಹಿಡಿದು, ಕೈಗೆ ಪೆಟ್ರೋಲ್ ವಾಸನೆ ಅಂಟಿಸಿಕೊಂಡರೂ ಬೋರ್ಡಿನ ದರ ಒಂದು ಪೈಸೆ ಇಳಿಯಲ್ಲ. ದುಡಿಮೆ ನಿಮ್ಮದು, ಉಳಿತಾಯ ಡೀಲರ್‌ದು. ಡೀಲರ್‌ಗಳ ಕಷ್ಟವೂ ಸುಳ್ಳಲ್ಲ ಅನ್ನಿ. 2017ರಲ್ಲಿ ಏರಿದ ಕಮಿಷನ್ ಮತ್ತೆ ಏರಿದ್ದು 2024ರ ಅಕ್ಟೋಬರ್‌ನಲ್ಲಿ.

ಅಷ್ಟಕ್ಕೂ ಅಮೆರಿಕ ಪೂರ್ತಿ ಹಾಗಿಲ್ಲ. ನ್ಯೂಜೆರ್ಸಿಯಲ್ಲಿ ಗ್ರಾಹಕರು ತಾವೇ ಪೆಟ್ರೋಲ್ ತುಂಬಿಕೊಳ್ಳುವುದಕ್ಕೆ 1949ರಿಂದ ನಿಷೇಧವಿದೆ. ಆರೆಗನ್‌ನಲ್ಲಿ 1951ರಿಂದ ಇದ್ದ ನಿಷೇಧ ಮೊದಲು ಸಡಿಲವಾಗಿದ್ದು ಜನ ವಿರಳವಾಗಿರುವ ಹಳ್ಳಿಗಾಡಿನ ಕೌಂಟಿಗಳಲ್ಲಿ; ರಾಜ್ಯದ ಉಳಿದ ಕಡೆಗೆ ಅದು ಬಂದಿದ್ದು 2023ರ ಆಗಸ್ಟ್‌ನಲ್ಲಿ. ಅಲ್ಲೂ ಎರಡು ಷರತ್ತು ಹಾಕಿದರು: ಹೆಚ್ಚು ಜನವಸತಿಯ ಕೌಂಟಿಗಳಲ್ಲಿ ಅರ್ಧ ಪಂಪುಗಳಲ್ಲಾದರೂ ಕೆಲಸಗಾರರು ಇರಬೇಕು, ಯಾರು ತುಂಬಿದರೂ ದರ ಒಂದೇ ಇರಬೇಕು. ಅಂದರೆ ಅಲ್ಲೂ ಸ್ವಂತ ಕೈಯಲ್ಲಿ ತುಂಬಿಕೊಂಡವರಿಗೆ ರಿಯಾಯಿತಿ ಇಲ್ಲ.

‘ಹುಡುಗರು ಅಳತೇಲಿ ಮೋಸ ಮಾಡ್ತಾರೆ, ಅವರೇ ಇಲ್ಲದಿದ್ದರೆ ಆಯ್ತು’ ಅನ್ನುವವರೂ ಇದ್ದಾರೆ. ಜೀರೋ ತೋರಿಸದೆ ಹಾಕುವ ಆಟ ಇಲ್ಲವೇ ಇಲ್ಲ ಅನ್ನಲ್ಲ. ಆದರೆ 2017ರ ಏಪ್ರಿಲ್‌ನಲ್ಲಿ ಲಖನೌ ಬಂಕುಗಳ ಮೇಲೆ ಉತ್ತರ ಪ್ರದೇಶ ಪೊಲೀಸರು ದಾಳಿ ಮಾಡಿದಾಗ ಸಿಕ್ಕಿದ್ದು ಪಂಪಿನೊಳಗೇ ಕೂರಿಸಿದ್ದ ಚಿಪ್. ಅಂಥ ಪಂಪಿನ ಪೈಪ್ ನೀವು ಹಿಡಿದರೂ ಅಷ್ಟೇ, ಹುಡುಗ ಹಿಡಿದರೂ ಅಷ್ಟೇ. ಅನುಮಾನ ಬಂದರೆ ಬಂಕಿನಲ್ಲೇ ಇರುವ 5 ಲೀಟರಿನ ಮುದ್ರೆ ಹಾಕಿದ ಅಳತೆಪಾತ್ರೆ ತರಿಸಿ, ನಿಮ್ಮ ಕಣ್ಣೆದುರೇ ಅಳೆಸಿ. ಕಾನೂನು ಒಪ್ಪುವ ವ್ಯತ್ಯಾಸ 25 ಮಿಲಿಲೀಟರ್ ಮಾತ್ರ. ಇದು ಗ್ರಾಹಕರ ಹಕ್ಕು. ಕೇಳುವಾಗ ‘ಏಯ್’ ಅನ್ನಬೇಡಿ. ಬಿಸಿಲಲ್ಲಿ ನಿಂತು ಆವಿ ಕುಡಿಯೋ ಮನುಷ್ಯ ಆತ.

ಕನಿಷ್ಠ ವೇತನ ಕಾನೂನು ಬಂಕಿನ ಕೆಲಸಗಾರರಿಗೂ ಅನ್ವಯಿಸುತ್ತೆ. ಆ ವೇತನ ಅವರ ಬ್ಯಾಂಕ್ ಖಾತೆಗೆ ಪೂರ್ತಿ ಬೀಳ್ತಿದೆಯಾ ಅನ್ನೋದು ನನ್ನ ಮೊದಲ ಪ್ರಶ್ನೆ. ನಾಳೆ ಸೆಲ್ಫ್ ಸರ್ವಿಸ್ ತರ್ತೀವಿ ಅಂತ ಕಂಪನಿಗಳು ಬಂದರೆ ಎರಡನೆಯದು: ಲೀಟರಿಗೆ ಎಷ್ಟು ಕಡಿಮೆ ಮಾಡ್ತೀರಿ?