ಮುಡಿಯಿಂದ ಕಿಲೋಗ್ರಾಂಗೆ: ತುಳುನಾಡಿನಲ್ಲಿ ಅಳತೆಯ ಜಾರಿ

ಅಳತೆಯ ಮಾನಕವೊಂದು ಬದಲಾದಾಗ ರಾಜಪತ್ರವು ಅದರ ಜಾರಿಗೆ ಒಂದು ದಿನಾಂಕವನ್ನು ಗೊತ್ತುಪಡಿಸುತ್ತದೆ. ಆದರೆ ಆ ಮಾನಕವು ಅಂಗಡಿಗೆ, ಗದ್ದೆಗೆ, ದೈವದ ಅಂಗಳಕ್ಕೆ ತಲಪುವುದು ಒಂದೇ ದಿನದಲ್ಲಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪರಿಸರದಲ್ಲಿ ಮುಡಿ, ಕಳಸೆ, ಸೇರುಗಳ ಸ್ಥಾನಕ್ಕೆ ಕಿಲೋಗ್ರಾಂ ಬಂದ ಬಗೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ತುಳುನಾಡಿನ ರೂಢಿಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ ಮುಡಿಗೆ 42 ಸೇರು. ಮುಡಿ ಎಂಬುದು ಅಳತೆಯ ಹೆಸರೂ ಹೌದು, ಬೈಹುಲ್ಲಿನಲ್ಲಿ ಸುತ್ತಿ ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿಯ ಕಟ್ಟಿನ ಹೆಸರೂ ಹೌದು. ಗದ್ದೆಯ ವಿಸ್ತಾರವನ್ನೂ ಅದಕ್ಕೆ ಬೇಕಾಗುವ ಬೀಜದ ಮುಡಿಗಳಿಂದಲೇ ಗುರುತಿಸುತ್ತಿದ್ದರು. ಈ ಪ್ರದೇಶದ ಮಧ್ಯಕಾಲೀನ ಶಾಸನಗಳೂ ದತ್ತಿಯ ಅಕ್ಕಿಯನ್ನು ಮೂಡೆಗಳ ಲೆಕ್ಕದಲ್ಲಿ ಹೇಳುತ್ತವೆ.

ಇವೆಲ್ಲವೂ ಪಾತ್ರೆಯಿಂದ ಅಳೆಯುವ ಮಾನಗಳೇ ಹೊರತು ತೂಕದ ಮಾನಗಳಲ್ಲ. ಸೇರಿನ ಬಾಯಿಯ ಮೇಲೆ ರಾಶಿಯೇಳುವಂತೆ ತುಂಬಿದರೆ ಒಂದು ಲೆಕ್ಕ, ತಲೆ ಸವರಿ ಸಮ ಮಾಡಿದರೆ ಇನ್ನೊಂದು ಲೆಕ್ಕ. ಸೇರಿನ ಗಾತ್ರವೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಗೇಣಿ ಒಕ್ಕಲಿನ ಪಾಲಿಗೆ ಇದು ಅನ್ನದ ಪ್ರಶ್ನೆಯೇ ಆಗಿತ್ತು. ಧಣಿಯ ಸೇರು ತುಸು ಹಿರಿದಾಗಿದ್ದರೂ ಪ್ರತಿ ಮುಡಿಯಲ್ಲಿ ಆ ಹೆಚ್ಚಳ 42 ಬಾರಿ ಮರುಕಳಿಸುತ್ತಿತ್ತು. ಗೇಣಿಯ ಸಂಖ್ಯೆ ಬದಲಾಗದೆಯೇ ಗೇಣಿ ಏರಬಹುದಾಗಿತ್ತು.

ಜಿಲ್ಲೆಯು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಕೇಂದ್ರದ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯೂ ಬಂತು. ಭಾರತವು 1957ರಲ್ಲಿ ಅಂತಾರಾಷ್ಟ್ರೀಯ ಮೀಟರ್ ಒಪ್ಪಂದದ ಸದಸ್ಯತ್ವ ಪಡೆಯಿತು. 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ ಮೆಟ್ರಿಕ್ ತೂಕಗಳು ಬಳಕೆಗೆ ಬಂದವು. 1962ರ ಏಪ್ರಿಲ್ 1ರಿಂದ ದೇಶಾದ್ಯಂತ ಕಡ್ಡಾಯವಾದವು. ಹೀಗೆ ಹಂತಹಂತವಾಗಿ ಕಾಲಾವಕಾಶ ನೀಡಿದುದು ವರ್ತಕರು ಹೊಸ ಬಟ್ಟುಗಳನ್ನು ಕೊಂಡು ಮುದ್ರೆ ಹಾಕಿಸಿಕೊಳ್ಳಲೆಂದು, ಗಿರಾಕಿಗಳು ಹೊಸ ಲೆಕ್ಕಕ್ಕೆ ಒಗ್ಗಿಕೊಳ್ಳಲೆಂದು.

ಪೇಟೆಯ ತಕ್ಕಡಿಯನ್ನು ಅಧಿಕಾರಿಗಳು ಪರೀಕ್ಷಿಸಬಲ್ಲರು. ಮನೆಯಂಗಳದಲ್ಲಿ ನಡೆಯುವ ಗೇಣಿಯ ಅಳತೆಗೆ ಅಂತಹ ಸಾಕ್ಷಿಯಿರಲಿಲ್ಲ. ಅಲ್ಲಿ ಮುಡಿಯ ಲೆಕ್ಕ ಮುಂದುವರಿಯಿತು. ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯೇ ಕೊನೆಗೊಂಡಾಗ, ಗೇಣಿಯ ಮುಡಿಯೂ ಅರ್ಥ ಕಳೆದುಕೊಂಡಿತು. ಮುಡಿಯನ್ನು ನಿಜವಾಗಿ ಸರಿಸಿದ್ದು ತೂಕದ ಕಾಯಿದೆಯಲ್ಲ, ಭೂಮಿಯ ಕಾಯಿದೆ ಎಂಬುದು ಗಮನಾರ್ಹ.

ಇದಕ್ಕೆ ಪ್ರತಿಯಾಗಿ, 2019ರ ಮೇ 20ರಂದು ಕಿಲೋಗ್ರಾಂನ ವ್ಯಾಖ್ಯೆಯೇ ವಿಶ್ವದಾದ್ಯಂತ ಬದಲಾಯಿತು. ಪ್ಯಾರಿಸ್ ಸಮೀಪ ಇರಿಸಿದ್ದ ಲೋಹದ ಬಟ್ಟಿನ ಬದಲು ಪ್ಲಾಂಕ್ ಸ್ಥಿರಾಂಕವು ಆಧಾರವಾಯಿತು. ಮೌಲ್ಯ ಕದಲದಂತೆ ಎಚ್ಚರ ವಹಿಸಿದ್ದರಿಂದ ಬಂಟ್ವಾಳದ ಯಾವ ಅಂಗಡಿಯ ಬಟ್ಟನ್ನೂ ಬದಲಿಸಬೇಕಾಗಲಿಲ್ಲ.

2011ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾನೂನು ಮಾಪನಶಾಸ್ತ್ರ ಕಾಯಿದೆಯು ವ್ಯಾಪಾರದಲ್ಲಿ ಮಾನಕವಲ್ಲದ ಅಳತೆಗಳನ್ನು ನಿಷೇಧಿಸುತ್ತದೆ. ಆದರೆ ದೈವಕ್ಕೆ ಅರ್ಪಿಸುವ ಸೇರಕ್ಕಿ, ತೆಂಗಿನಕಾಯಿ ವ್ಯಾಪಾರವಲ್ಲ. ಅಲ್ಲಿ ಸೇರು ಉಳಿದಿದೆ. ಹೀಗಾಗಿ ಹಳೆಯ ಗೇಣಿಚೀಟಿಯ ಮುಡಿಯನ್ನು ಕಿಲೋಗ್ರಾಂಗೆ ಪರಿವರ್ತಿಸಹೊರಡುವ ಸಂಶೋಧಕರು ಮೊದಲು ಕೇಳಬೇಕಾದದ್ದು, ಅದು ಯಾರ ಸೇರು, ಅಳೆದವರು ಯಾರು ಎಂಬುದನ್ನು.